ಮೊದಲು ಕಟ್ಟು ಬಿಚ್ಚಿ

ಬೆಳಕು ಹರಿಯುವ ಹೊತ್ತು. ಮನೋರೋಗ ಆಸ್ಪತ್ರೆಯ ಮುಂದೆ ಬಾಡಿಗೆ ಕಾರೊಂದು ನಿಲ್ಲುತ್ತದೆ. ಇಳಿದ ಹೆಂಗಸಿನ ಕೈಗಳೆರಡನ್ನೂ ಟವೆಲಿನಿಂದ ಬಿಗಿದಿದ್ದಾರೆ. "ಹುಚ್ಚು ಹಿಡಿದಿದೆ ಸಿಸ್ಟರ್, ನನ್ಮೇಲೆ ಕತ್ತರಿ ಎಸೆದ್ಲು. ಬೇಗ ಒಳಗೆ ಹಾಕ್ಕೊಳ್ಳಿ" ಎಂದು ಗಂಡ ಅವಸರಿಸುತ್ತಾನೆ, ಮೂಟೆ ಇಳಿಸಿ ಹೋಗಲು ಬಂದವನ ಹಾಗೆ.

ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವ ಹಿರಿಯ ನರ್ಸ್ ಅವನ ಮುಖ ಕೂಡ ನೋಡುವುದಿಲ್ಲ. "ಮೊದಲು ಕಟ್ಟು ಬಿಚ್ಚಿ. ಆಮೇಲೆ ಮಾತು." ಅವನು ಮೀನಮೇಷ ಎಣಿಸುವಷ್ಟರಲ್ಲಿ ತಾನೇ ಗಂಟು ಬಿಚ್ಚಿ, ಅವನನ್ನು ಗೇಟಿನಾಚೆಗೆ ಕಳಿಸುತ್ತಾಳೆ.

ಇದು ನಡೆದು ವರ್ಷವಾಯಿತು. ದೊಡ್ಡಕ್ಕನ ಸಿಟ್ಟು ಇನ್ನೂ ಆರಿಲ್ಲ. "ಕಾಲು ಮುರಿದವರನ್ನ ಯಾರಾದ್ರೂ ಕಟ್ಟಿ ಹಾಕಿ ತರ್ತಾರಾ? ಮನಸ್ಸು ಮುರಿದ್ರೆ ಮಾತ್ರ ಯಾಕೆ ಹಗ್ಗ ಹುಡುಕ್ತೀರಿ?" ಎಂದು ಈಗಲೂ ಕೇಳುತ್ತಾಳೆ.

ಬಂದವರನ್ನು ವೈದ್ಯರಿಗಿಂತ ಮೊದಲು ಕೂರಿಸಿ ಮಾತಾಡಿಸುವುದು ಅವಳ ಕೆಲಸ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಯಾರೂ ಇಲ್ಲದಾಗ ದನಿ ಕೇಳುತ್ತದೆಯೇ, ಸಾಯಬೇಕು ಅನಿಸಿದ್ದುಂಟೇ, ಮೈಮೇಲೆ ಗಾಯವಿದೆಯೇ. ಶುರುವಿಗೆ ಮುಂಚೆ ಪ್ರತಿಯೊಬ್ಬರಿಗೂ ಒಂದು ಮಾತು ಹೇಳುತ್ತಾಳೆ: "ನಿಮ್ಮ ಗುಟ್ಟು ಊರಿಗೆ ಹೇಳಲ್ಲ. ಆದ್ರೆ ಯಾರದಾದ್ರೂ ಜೀವಕ್ಕೆ ಅಪಾಯ ಇದ್ರೆ ಮುಚ್ಚಿಡೋಕೂ ಆಗಲ್ಲ."

ಅಂದು ಕೈ ಕಟ್ಟಿ ತಂದಿದ್ದ ಹೆಂಗಸು ದರ್ಜಿ. ದೊಡ್ಡಕ್ಕ ಅನುಮತಿ ಕೇಳಿ ಅವಳ ರವಿಕೆಯ ತೋಳು ಸರಿಸಿದರೆ ಹಳೆಯ ಬಾಸುಂಡೆಯ ಮೇಲೆ ಹೊಸ ಬಾಸುಂಡೆ. "ನಂಗೆ ಹೊಡೆದ್ರೆ ಸಹಿಸ್ತಿದ್ದೆ ಅಕ್ಕಾ. ಮಗಳಿಗೆ ಬೆಲ್ಟ್ ಎತ್ತಿದ, ಕೈಗೆ ಸಿಕ್ಕಿದ್ದನ್ನ ಎಸೆದೆ" ಎಂದಳು.

ಅಷ್ಟರಲ್ಲಿ ಆಸ್ಪತ್ರೆಯ ಮೇಲ್ವಿಚಾರಕ ಬಂದ. ಗಂಡ ಅವನಿಗೆ ಬೇಕಾದವನು. "ಹಿಂಸೆ ಮಾಡ್ತಾಳೆ ಅಂತ ಬರ್ದು ದಾಖಲು ಮಾಡ್ಕೊಳ್ಳಿ. ಅವರ ಮನೆ ಜಗಳ ನಮಗ್ಯಾಕೆ?"

"ಕಂಡಿದ್ದನ್ನ ಬರೀತೀನಿ ಸಾರ್. ಗಂಡ ಹೇಳಿದ್ದನ್ನ ಗಂಡ ಹೇಳಿದ್ದು ಅಂತಲೇ ಬರೀತೀನಿ. ಅವನ ಮಾತು ನನ್ನ ಮಾತಾಗಲ್ಲ."

ಕಷ್ಟವಾದದ್ದು ಅದಲ್ಲ. ದರ್ಜಿಯ ಪಕ್ಕ ಕೂತು ದೊಡ್ಡಕ್ಕ ಹೇಳಬೇಕಾಯಿತು: "ನಿನ್ನ ವಿಷಯ ಪೊಲೀಸರಿಗೆ ಹೋಗಬೇಕಾ ಬೇಡ್ವಾ, ನೀನೇ ಹೇಳು. ಮಗುವಿನ ವಿಷಯ ಮಾತ್ರ ಯಾರು ಬೇಡ ಅಂದ್ರೂ ಹೇಳ್ಲೇಬೇಕು, ನೀನೇ ಬೇಡ ಅಂದ್ರೂ ಸರಿ. ಕಾನೂನು ಹಾಗಿದೆ. ಕಾನೂನು ಇಲ್ದಿದ್ರೂ ಹೇಳ್ತಿದ್ದೆ."

"ನಂಬಿ ಹೇಳಿದ್ದಕ್ಕೆ ಮನೆ ಮುರೀತೀಯಾ?" ಎಂದು ದರ್ಜಿ ಕಿರುಚಿದಳು. ದೊಡ್ಡಕ್ಕ ಬೈಸಿಕೊಂಡಳು. ಕೈ ಬಿಡಲಿಲ್ಲ.

ವೈದ್ಯರು ತಾವೂ ಪರೀಕ್ಷಿಸಿ, ದಾಖಲು ಮಾಡಿಕೊಳ್ಳುವಂಥ ಕಾಯಿಲೆ ಏನೂ ಇಲ್ಲವೆಂದರು. ದೊಡ್ಡಕ್ಕ ತಿಳಿಸಿದ ಮೇಲೆ ಮಕ್ಕಳ ರಕ್ಷಣಾ ಘಟಕದವರು ಅಂದೇ ಹುಡುಗಿಯನ್ನು ಕರೆತಂದರು. ತಾಯಿ, ಮಗಳು ಇಬ್ಬರೂ ದರ್ಜಿಯ ಅಕ್ಕನ ಮನೆ ಸೇರಿದರು. ದೊಡ್ಡಕ್ಕನಿಗೆ ಸಿಕ್ಕ ಬಹುಮಾನ? ಮೇಲ್ವಿಚಾರಕ ಅವಳನ್ನು ವಾರ್ಡಿನಿಂದ ಎತ್ತಿ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದ. ಇಡೀ ಬೇಸಿಗೆ ಹಾಸಿಗೆ ಹೊದಿಕೆ ಮಡಚಿದಳು. ಸಹೋದ್ಯೋಗಿಗಳು ಕಂಡೂ ಕಾಣದಂತೆ ಓಡಾಡಿದರು. ಕೊನೆಗೆ ಮೇಲಿನ ಕಚೇರಿಯ ಮೆಟ್ಟಿಲು ಹತ್ತಿ, "ಆ ಅಕ್ಕ ಇಲ್ದಿದ್ರೆ ನಾನಿವತ್ತು ಆಸ್ಪತ್ರೆಯ ಕಂಬಿ ಹಿಂದೆ ಇರ್ತಿದ್ದೆ" ಎಂದು ಹೇಳಿದ್ದು ಅದೇ ದರ್ಜಿ. ದೊಡ್ಡಕ್ಕ ವಾರ್ಡಿಗೆ ಮರಳಿದಳು. ಮೇಲ್ವಿಚಾರಕನಿಗೆ ಕೂದಲೂ ಕೊಂಕಲಿಲ್ಲ. ಅವನು ಈಗಲೂ ಅದೇ ಕುರ್ಚಿಯಲ್ಲಿದ್ದಾನೆ.

"ಮನೇಲೂ ಬಿಡಲ್ಲ ಇವಳು. ಒಂದು ತುತ್ತು ಕಮ್ಮಿ ತಿಂದ್ರೆ ನನ್ನನ್ನೂ ಕೂರಿಸಿ ಪರೀಕ್ಷೆ ಮಾಡ್ತಾಳೆ" ಎಂದು ಬಸ್ ಓಡಿಸುವ ಅವಳ ಗಂಡ ನಗುತ್ತಾನೆ. ಅವಳಿಗೆ ನಗು ಬರುವುದಿಲ್ಲ.

ಮೊನ್ನೆ ಆಸ್ಪತ್ರೆಯವರು ಅವಳಿಗೊಂದು ಪ್ರಶಸ್ತಿ ಕೊಡಲು ಹೊರಟಿದ್ದರಂತೆ. ಬೇಡವೆಂದಿದ್ದಾಳೆ.

"ಮಾತಾಡಿಸೋ ಜಾಗಕ್ಕೆ ಇನ್ನೂ ಬರೀ ಪರದೆ. ಆಚೆ ಹೊಡೆದವನು ಕೂತಿದ್ರೆ ಈಚೆ ಹೊಡೆಸಿಕೊಂಡವಳು ಹೇಗೆ ಬಾಯಿ ಬಿಡ್ತಾಳೆ? ಪ್ರಶಸ್ತಿ ಯಾರಿಗೆ ಬೇಕು? ಒಂದು ಬಾಗಿಲು ಹಾಕಿಸಿ ಅಂದೆ."