ಕಲ್ಲು ಇಡದ ತೊಟ್ಟಿಲು

ಶಕುನ, ಅಪಶಕುನ ಎಂದರೆ ನಗುತ್ತಿದ್ದವಳು ನಾನು. ಬಿ.ಎ. ಓದಿದ್ದೇನೆಂಬ ಜಂಬ ಬೇರೆ. ಬೆಕ್ಕು ಅಡ್ಡ ಬಂತೆಂದು ಅತ್ತೆ ಕೂತುಬಿಟ್ಟರೆ, "ಲೋಕಲ್ ರೈಲು ನಮಗೋಸ್ಕರ ಕಾಯಲ್ಲಮ್ಮ, ಏಳಿ" ಎಂದು ಎಬ್ಬಿಸುತ್ತಿದ್ದೆ. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

೧೯೫೬ರ ಮಾತು. ಮೈಸೂರಿನಿಂದ ಬಂದು ಚೆಂಬೂರಿನ ಒಂದು ಚಾಳಿನ ಒಂಟಿ ಕೋಣೆಯಲ್ಲಿ ಸಂಸಾರ ಹೂಡಿದ್ದೆವು. ನಾನು, ಯಜಮಾನರು, ಅತ್ತೆ. ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆದರೂ ಅತ್ತೆ ಊರಿನಿಂದ ಮರದ ತೊಟ್ಟಿಲು ತರಿಸಿ ತೊಲೆಗೆ ನೇತುಹಾಕಿಸಿದ್ದರು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ತೊಟ್ಟಿಲಿಗೆ ಮೊದಲು ಬಂದದ್ದು ಪಕ್ಕದ ಮನೆಯ ಕೂಸು. ಕಚ್ಛಿನ ಹೀರಾಬೆನ್ ಅವರ ಮಗಳು ಕಾಂತಾ ಬಾಣಂತನಕ್ಕೆ ಬಂದಿದ್ದಳು. ಅವರ ಕೋಣೆಯಲ್ಲಿ ತೊಟ್ಟಿಲು ಕಟ್ಟಲು ಜಾಗವಿರಲಿಲ್ಲ. ಮಗು ಹಗಲೆಲ್ಲ ನಮ್ಮಲ್ಲೇ. ಅಯ್ಯೋ, ಎಂಥ ಹಟಮಾರಿ! ತೂಗದೆ ಕಣ್ಣು ಮುಚ್ಚುತ್ತಿರಲಿಲ್ಲ. ನಾಲ್ಕು ತಿಂಗಳು ತೂಗಿದವಳು ನಾನೇ. ಜೂನ್‌ನಲ್ಲಿ ಕಾಂತಾ ಮಗುವನ್ನು ಎತ್ತಿಕೊಂಡು ಗಂಡನ ಊರು ಅಂಜಾರಿಗೆ ಹೊರಟಾಗ ನಾನು ಒಳಗೆ ಕೂತು ಅತ್ತುಬಿಟ್ಟೆ.

ಅಂದೇ ಅತ್ತೆ ತೊಟ್ಟಿಲೊಳಗೆ ಒರಳಿನ ಗುಂಡುಕಲ್ಲು ಇಟ್ಟರು. ಖಾಲಿ ತೊಟ್ಟಿಲು ತೂಗಿದರೆ ಅದರಲ್ಲಿ ಮಲಗಿದ್ದ ಮಗುವಿಗೆ ಕೇಡು ಎನ್ನುತ್ತಾರೆ ನಮ್ಮ ಕಡೆ. ಮನೆಯಲ್ಲಿದ್ದದ್ದು ಒಂದೇ ಕಲ್ಲು. ರುಬ್ಬುವಾಗ ತೆಗೆಯುವುದು, ತೊಳೆದು ಮತ್ತೆ ಇಡುವುದು. ಜುಲೈನ ಒಂದು ಶನಿವಾರ ದೋಸೆಗೆ ರುಬ್ಬಿ, ಕಲ್ಲನ್ನು ಒರಳಲ್ಲೇ ಮರೆತೆ.

ಆ ಸಂಜೆ ಯಜಮಾನರು ಇನ್ನೂ ಬಂದಿರಲಿಲ್ಲ. ಮಳೆಯೆಂದು ಕಿಟಕಿ, ಬಾಗಿಲು ಮುಚ್ಚಿದ್ದೆವು. ಹೀರಾಬೆನ್ ಬಂದು ಕೂತಿದ್ದರು. ಗಡಿಯಾರದಲ್ಲಿ ಎಂಟೂವರೆಯಾದಾಗ ತೊಟ್ಟಿಲು ತೂಗತೊಡಗಿತು. ಯಾರೋ ಹಗ್ಗ ಹಿಡಿದು ತೂಗಿದಂತೆ, ನಿಧಾನವಾಗಿ. ಮೇಲೆ ನೇತುಹಾಕಿದ್ದ ದೀಪ ಮಾತ್ರ ಕದಲಲಿಲ್ಲ.

"ಕಲ್ಲೆಲ್ಲೇ?" ಎಂದರು ಅತ್ತೆ. ನಾನು ಒರಳಿನತ್ತ ಕೈ ತೋರಿಸಿದೆ. ಅವರೇ ಓಡಿ ಕಲ್ಲು ತಂದರು. ಹೀರಾಬೆನ್ ಅತ್ತೆಯ ಕೈ ಹಿಡಿದುಕೊಂಡರು.

"ರಹನೇ ದೋ ಬೆನ್. ಮೇರಾ ಮುನ್ನಾ ಯಾದ್ ಕರ್ ರಹಾ ಹೈ."

ಮಗು ನೆನೆಸಿಕೊಳ್ಳುತ್ತಿದೆ, ಇರಲಿ ಬಿಡಿ ಎಂದು ಕಣ್ಣೊರೆಸಿಕೊಂಡ ಆ ಅಜ್ಜಿಯೆದುರು ಅತ್ತೆಗೆ ಕಲ್ಲು ಇಡಲಾಗಲಿಲ್ಲ. ಒಂಬತ್ತೂಕಾಲಿಗೆ ತೊಟ್ಟಿಲು ತಾನಾಗಿ ಥಟ್ಟನೆ ನಿಂತಿತು.

ಮರುದಿನ ರೇಡಿಯೋದಲ್ಲಿ ಸುದ್ದಿ: ಅಂಜಾರಿನಲ್ಲಿ ಭೂಕಂಪ, ಊರಿಗೆ ಊರೇ ಕುಸಿದಿದೆ. ಊರುಗಳನ್ನು ನುಂಗಿದ ಭೂಕಂಪ, ಸಮುದ್ರ ಉಕ್ಕಿ ಬಂದರುಗಳು ಕೊಚ್ಚಿಹೋದದ್ದು, ಎಲ್ಲವನ್ನೂ ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆದವಳು ನಾನು. ಒಂದರಲ್ಲೂ ನನಗೆ ಗೊತ್ತಿದ್ದ ಮಗುವಿರಲಿಲ್ಲ. ಕಾಂತಾಳ ಮಗುವನ್ನು ನಾನೇ ಕೊಂದೆ ಎನಿಸಿತು. ಹೀರಾಬೆನ್ ಕಾಲು ಹಿಡಿದು ಕಲ್ಲಿನ ವಿಷಯ ಹೇಳಿದೆ. "ತೇರಾ ಕ್ಯಾ ಕಸೂರ್, ಬೇಟಿ?" ನಿನ್ನದೇನು ತಪ್ಪು ಎಂದು ಅವರೇ ನನ್ನನ್ನು ತಬ್ಬಿಕೊಂಡರು.

ಒಂಬತ್ತು ದಿನ ಹೀರಾಬೆನ್ ಅವರಿಗೂ ನನಗೂ ಅನ್ನ ಸೇರಲಿಲ್ಲ. ಹತ್ತನೆಯ ದಿನ ಕಾಂತಾಳ ಕಾಗದ ಬಂತು. ಹೀರಾಬೆನ್ ಗಟ್ಟಿಯಾಗಿ ಓದಿ, ನಡುನಡುವೆ ಹಿಂದಿಯಲ್ಲಿ ಹೇಳಿದರು. ಅಂದು ರಾತ್ರಿ ಎಂಟು ದಾಟಿದ ಮೇಲೆ, ಮಲಗಿದ್ದ ಮಗು ಎದ್ದು, ಎಂದೂ ಇಲ್ಲದಂತೆ ಅತ್ತಿತಂತೆ. ಹಾಲು ಕೊಟ್ಟರೂ ನಿಲ್ಲಲಿಲ್ಲ. ಸಾಕಾಗಿ ಗಂಡನನ್ನೂ ಕರೆದುಕೊಂಡು ಹೊರಗಿನ ಬಯಲಿಗೆ ಬಂದು, ತೋಳಲ್ಲೇ ತೂಗುತ್ತ ಅಡ್ಡಾಡಿದಳು. ಆಗಲೇ ಬೆನ್ನ ಹಿಂದೆ ಮನೆ ಕುಸಿಯಿತು. ಮಗು ಅಳು ನಿಲ್ಲಿಸಿ ನಿದ್ದೆಹೋಯಿತು.

ನಾವು ಮೂವರೂ ಕಾಗದ ಹಿಡಿದುಕೊಂಡು ಅತ್ತೆವು.

ದೂರದ ಭೂಕಂಪಕ್ಕೂ ನೇತುಹಾಕಿದ್ದು ಅಲುಗುತ್ತದೆ ಎಂದು ಯಜಮಾನರು ಬಿಡಿಸಿ ಹೇಳಿದರು. ಒಪ್ಪೋಣ. ಆದರೆ ಭೂಕಂಪವಾದದ್ದು ಒಂಬತ್ತು ದಾಟಿದ ಮೇಲೆ. ತೊಟ್ಟಿಲು ತೂಗಿದ್ದು ಎಂಟೂವರೆಗೆ. ಲೋಕಲ್ ತಪ್ಪದಿರಲೆಂದು ನಮ್ಮ ಗಡಿಯಾರವನ್ನು ಅವರೇ ಹತ್ತು ನಿಮಿಷ ಮುಂದಿಟ್ಟಿದ್ದರು. ಅಂದರೆ ಇನ್ನೂ ಮೊದಲೇ.

ಅತ್ತೆ ಒಂದು ದಿನ ಮೆಲ್ಲಗೆ ಕೇಳಿದರು: "ಅವತ್ತು ನಾನು ಕಲ್ಲು ಇಟ್ಟುಬಿಟ್ಟಿದ್ರೆ, ಆ ಮಗು ಏಳ್ತಿತ್ತೇನೇ?"

ಮುಂದೆ ಅದೇ ತೊಟ್ಟಿಲಲ್ಲಿ ನನ್ನ ಇಬ್ಬರು ಮಕ್ಕಳು ಮಲಗಿ ಬೆಳೆದರು. ತೊಟ್ಟಿಲು ಮತ್ತೆ ಖಾಲಿಯಾದ ದಿನ ಗುಂಡುಕಲ್ಲು ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತೆ. ಇಡಲೂ ಧೈರ್ಯ ಬರಲಿಲ್ಲ, ಇಡದಿರಲೂ ಬರಲಿಲ್ಲ. ಕೊನೆಗೆ ಕೈಗೆ ಸಿಗುವ ಹಾಗೆ ತೊಟ್ಟಿಲ ಕೆಳಗೆ ನೆಲದ ಮೇಲಿಟ್ಟೆ. ಇವತ್ತಿಗೂ ಅಲ್ಲೇ ಇದೆ.