ಕಮಟು ಹಿಟ್ಟಿನ ಏಳು ಹಿಡಿ

ಮೊನ್ನೆ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತಿದ್ದೆ. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಆ ವಾಸನೆಗೆ ಉಂಡವರಿಗೂ ಮತ್ತೆ ಹಸಿವಾಗುತ್ತದೆ, ನಿಮಗೂ ಗೊತ್ತಿರಬಹುದು. ನನಗೆ ಮಾತ್ರ ಹಸಿವಿಗಿಂತ ಮೊದಲು ನಾಚಿಕೆಯಾಗುತ್ತದೆ. ಅದಕ್ಕೆ ಕಾರಣ ಮಮದಾಪುರದ ಎಸ್ತರವ್ವ.

ಗೋಕಾಕಿಗೆ ಸೊಸೆಯಾಗಿ ಬಂದಾಗ ಅತ್ತೆ ನನಗೆ ಮೊದಲು ಕಲಿಸಿದ್ದು ರೊಟ್ಟಿ ಬಡಿಯುವುದನ್ನಲ್ಲ, ಹಿಡಿ ತೆಗೆಯುವುದನ್ನು. ದಿನಾ ಹಿಟ್ಟು ನಾದುವ ಮುಂಚೆ ಒಂದು ಹಿಡಿ ಹಿಟ್ಟು ಒಲೆಯ ಪಕ್ಕದ ಗಡಿಗೆಗೆ ಬೀಳಬೇಕು. ವಾರದ ಏಳು ಹಿಡಿ ರವಿವಾರ ಬಟ್ಟೆಯ ಚೀಲದಲ್ಲಿ ಚರ್ಚಿಗೆ. ಅಲ್ಲಿಂದ ಚೀಲಗಳು ಕೈಲಾಗದವರ ಮನೆಗಳಿಗೆ ಹೋಗುತ್ತವೆ. ಯಾರದು ಯಾರಿಗೆ ಎಂದು ಯಾರೂ ಹೇಳುವುದಿಲ್ಲ.

ಆಗ ನನಗೆ ಸಾಮಾನಿನ ಹುಚ್ಚು. ಘಟಪ್ರಭಾದಿಂದ ಹೂವಿನ ಚಿತ್ರದ ಡಿನ್ನರ್ ಸೆಟ್ ತಂದು, ಗಾಜಿನ ಕಪಾಟಿನಲ್ಲಿಟ್ಟು, ದಿನಕ್ಕೆರಡು ಸಲ ಒರೆಸುತ್ತಿದ್ದೆ. ಅಷ್ಟು ಅಕ್ಕರೆಯಿಂದ ಗಂಡನ ಮುಖವನ್ನೂ ನೋಡಿರಲಿಕ್ಕಿಲ್ಲ. ಹುಕ್ಕೇರಿಯಿಂದ ನಾದಿನಿ ತನ್ನ ಗಂಡನ ಮನೆಯವರ ಜೊತೆ ಬರುವವಳಿದ್ದಳು. ಆ ತಟ್ಟೆಗಳಲ್ಲಿ ಬೆಳ್ಳನೆಯ ರೊಟ್ಟಿ ಬಡಿಸಬೇಕೆಂದು ಹೊಸ ಜೋಳ ಬೀಸಿಸಿಟ್ಟೆ. ಹಳೆ ಡಬ್ಬಿಯ ತಳದಲ್ಲಿ ಉಳಿದ ಹಿಟ್ಟು ಮಳೆಗಾಲದ ತೇವಕ್ಕೆ ಕಮಟು ಹಿಡಿದಿತ್ತು. ಚೆಲ್ಲಿದರೆ ಪಾಪ. ಆ ವಾರದ ಏಳು ಹಿಡಿಯನ್ನೂ ಅದರಿಂದಲೇ ತೆಗೆದೆ. ಹಿಟ್ಟೂ ವ್ಯರ್ಥವಾಗಲಿಲ್ಲ, ದೇವರ ಪಾಲೂ ತಪ್ಪಲಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಮುಂದಿನ ಮಂಗಳವಾರ ಅತ್ತೆ ನನ್ನನ್ನು ಮಮದಾಪುರಕ್ಕೆ ಪ್ರಾರ್ಥನೆಗೆ ಕರೆದೊಯ್ದರು. ಎಸ್ತರವ್ವ ಗಂಡನಿಲ್ಲದ ಮುದುಕಿ, ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಪ್ರಾರ್ಥನೆ ಮುಗಿದರೂ ನಮ್ಮನ್ನು ಬಿಡಲಿಲ್ಲ.

“ರೊಟ್ಟಿ ತಿಂದ ಹೋಗ್ರಿ ಅಕ್ಕಾ. ಬರೇ ಪ್ರಾರ್ಥನಿ ಮಾಡಿ ಹೊಂಟ್ರ ಸ್ವಾಮಿ ನನಗ ಬೈತಾನ.”

ಆಕೆ ಗೂಟದಿಂದ ಚೀಲ ಇಳಿಸಿದಳು. ನನ್ನ ಹಳೆ ಪರದೆ ಕತ್ತರಿಸಿ ನಾನೇ ಹೊಲಿದ ಚೀಲ. ಅದರಿಂದ ಒಂದು ಹಿಡಿ ಹಿಟ್ಟು ತೆಗೆದು ಮೂಲೆಯ ಪುಟ್ಟ ಗಡಿಗೆಗೆ ಹಾಕಿದಳು.

“ಚರ್ಚಿನಿಂದ ಬಂದಿದ್ದರಾಗೂ ಹಿಡಿ ತಗೀಬೇಕೇನ್ರಿ?” ಎಂದೆ.

“ಬಂದ ಮ್ಯಾಲ ನಂದಾತಲ್ಲ ಯವ್ವಾ. ನಂದಂದ್ರ ನಾನೂ ಕೊಡಬೇಕಲ್ಲ.”

ರೊಟ್ಟಿ ಕಹಿಯಾಗಿತ್ತು. ಅತ್ತೆ ತಲೆ ಎತ್ತದೆ ತಿಂದರು. ಎಸ್ತರವ್ವನೇ ಸಂಕೋಚಪಟ್ಟಳು: “ಚಟ್ನಿ ಹೆಚ್ಚಿಗಿ ಹಚ್ಕೋರಿ, ಹಿಟ್ಟ ಸ್ವಲ್ಪ ಕಮಟ ಐತಿ. ಕೊಟ್ಟವ್ರ ಮನ್ಯಾಗ ಇದ್ದದ್ದ ಇಷ್ಟ ಕಾಣ್ತೈತಿ, ಪಾಪ. ಅದರಾಗೂ ಕೊಟ್ಟಾರ ನೋಡ್ರಿ. ಅವರ ಸಲುವಾಗಿ ದಿನಾ ಬೇಡ್ಕೊಳ್ಳಾಕತ್ತೇನಿ.”

ರೊಟ್ಟಿ ಕೆಳಗಿಟ್ಟೆ. ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಜ್ವರ ಬಿಟ್ಟ ಆ ಬಾಯಿ ಅದೇ ಕಹಿಯನ್ನು ಇನ್ನೂ ಎಷ್ಟು ದಿನ ತಿನ್ನಬೇಕೋ.

“ಆ ಹಿಟ್ಟ ನಮ್ಮ ಮನಿದ ಅಜ್ಜಿ. ಚಲೋದು ಇತ್ತು. ಬೀಗರಿಗಿ ಅಂತ ಇಟ್ಕೊಂಡೆ.”

ಒಲೆಯ ಮೇಲಿನ ರೊಟ್ಟಿಯನ್ನು ಆಕೆ ಮಗುಚಿದಳು. ಆಮೇಲೆ ನನ್ನ ಕಡೆ ತಿರುಗಿ ಬೊಚ್ಚು ಬಾಯಿ ಬಿಟ್ಟು ನಕ್ಕಳು.

“ಹಂಗಾರ ಬೇಡ್ಕೊಳ್ಳೂದು ಬಿಡೂದಿಲ್ಲ ತಗೋ. ನಿನಗ ಇನ್ನೂ ಹೆಚ್ಚಿಗಿ ಬೇಕಾಗೇತಿ.”

ಮಾರನೆಯ ದಿನ ಬೀಗರಿಗೆಂದು ಇಟ್ಟ ಹಿಟ್ಟನ್ನು ಡಬ್ಬಿ ಸಮೇತ ಹೊತ್ತುಕೊಂಡು ಮಮದಾಪುರಕ್ಕೆ ನಾನೊಬ್ಬಳೇ ಹೋದೆ. ಅತ್ತೆ ಬಸ್ಸಿನವರೆಗೆ ಬಂದು ಡಬ್ಬಿ ಎತ್ತಿ ಕೊಟ್ಟರು.

ಎಸ್ತರವ್ವ ತೀರಿಕೊಂಡು ಈಗ ಎರಡು ವರ್ಷ. ಮನೆಯಲ್ಲಿ ಸಾಮಾನು ಬೆಳೆದಿದೆ, ನೋಡಿದವರು ದೇವರು ಭಾಳ ಕೊಟ್ಟಾನ ಎನ್ನುತ್ತಾರೆ. ಕೊಟ್ಟಿದ್ದಾನೆ, ಸುಳ್ಳಲ್ಲ. ಆದರೆ ನನ್ನನ್ನು ಬಡವಿಯೆಂದು ತಿಳಿದು ದಿನಾ ಬೇಡಿಕೊಂಡ ಆ ಒಂದು ಬಾಯಿ ಕಡಿಮೆಯಾಗಿದೆ. ಮೊನ್ನೆ ಗಿರಣಿಯಿಂದ ಬಂದು ಬಿಸಿ ಹಿಟ್ಟಿನಲ್ಲಿ ಮೊದಲ ಹಿಡಿ ತೆಗೆದೆ. ಯಾರ ಮನೆಯ ರೊಟ್ಟಿಯಾಗುವುದೋ ತಿಳಿಯದು. ಕೈ ಝಾಡಿಸದೆ ಹಾಗೇ ನಿಂತು, ಆ ಕಾಣದ ಮನೆಯವರಿಗೆ ಮೆಲ್ಲಗೆ ಹೇಳಿದೆ: “ನನ್ನ ಸಲುವಾಗಿನೂ ಸ್ವಲ್ಪ ಬೇಡ್ಕೋರಿ.”