ಆರನೇ ಭಾನುವಾರದ ಸಿನಿಮಾ

ರಾಮನಗರದ ಟಾಕೀಸಿನಲ್ಲಿ ಆರು ಭಾನುವಾರ ಬೆಳಿಗ್ಗೆ ಹಳೆಯ ಬ್ರಿಟಿಷ್ ಸಿನಿಮಾಗಳನ್ನು ತೋರಿಸುತ್ತಾರಂತೆ, ನಾನು ಹೋಗುತ್ತೇನೆ ಎಂದಾಗ ನನ್ನ ತಮ್ಮ ಬಿದ್ದು ಬಿದ್ದು ನಕ್ಕ. "ಅವ್ರೇ ನಮ್ಮನ್ನ ಬುಟ್ಟೋದ್ರು, ನೀನವ್ರನ್ನ ಬುಡಾಕಿಲ್ವಲ್ಲಕ್ಕ" ಅಂದ. ರೇಷ್ಮೆಗೆ ಒಳ್ಳೆಯ ಬೆಲೆ ಬಂದು, ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದ ಕಾಲ ಅದು. ಊರಿನವರಿಗೆ ಹುಳು, ಸೊಪ್ಪು, ಗೂಡು ಬಿಟ್ಟರೆ ಬೇರೆ ಮಾತಿರಲಿಲ್ಲ.

ನಾನು ಕೂಟಗಲ್ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲೇ ಟೀಚರ್ ಆಗಿದ್ದೆ. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವ್ವ, ತಮ್ಮ, ಮತ್ತೆ ಎಲ್ಲರ ಮನೆಯಲ್ಲಿದ್ದಂತೆ ಹುಳು. ಬೆಳಿಗ್ಗೆ ಸೊಪ್ಪು ಹಾಕಿ ಶಾಲೆಗೆ ಹೋಗುವುದು, ಸಂಜೆ ಬಂದು ಮತ್ತೆ ಸೊಪ್ಪು ಹಾಕುವುದು. ಇದರ ಮಧ್ಯೆ ವಾರಕ್ಕೊಂದು ಬೆಳಿಗ್ಗೆ ನನ್ನದೇ ಅಂತ ಸಿಕ್ಕಿದ್ದಕ್ಕೆ ನನಗೆ ಆದ ಸಂತೋಷವನ್ನು ಈಗ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಪ್ರದರ್ಶನ ಏರ್ಪಡಿಸಿದ್ದವರು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ಪ್ರತಿ ಸಲವೂ ಪರದೆಯ ಮುಂದೆ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಈ ಸಿನಿಮಾಗಳ ರೀಲುಗಳು ಡಬ್ಬಿಯಲ್ಲೇ ಕೊಳೆತುಹೋಗುತ್ತಿದ್ದವಂತೆ. ಯಾರೋ ಪುಣ್ಯಾತ್ಮರು ಒಂದೊಂದು ಚಿತ್ರವನ್ನೂ ತೊಳೆದು, ಗೀರು ಮುಚ್ಚಿ, ಹೊಸ ಪ್ರಿಂಟ್ ಮಾಡಿದ್ದರಂತೆ. ನೋಡುತ್ತಿದ್ದವರು ಮೂವತ್ತು ಜನವಿದ್ದರೆ ಹೆಚ್ಚು. ಟಾಕೀಸಿನ ಹಿಂದೆ ನೂಲು ತೆಗೆಯುವ ಮನೆಗಳಿದ್ದುದರಿಂದ ಗೂಡು ಬೇಯುವ ವಾಸನೆ ಒಳಕ್ಕೆಲ್ಲ ನುಗ್ಗುತ್ತಿತ್ತು. ಪರದೆಯ ಮೇಲೆ ಮಂಜು ಬಿದ್ದ ಲಂಡನ್ನಿನ ಬೀದಿ, ಮೂಗಿಗೆ ಬೆಂದ ಹುಳು.

ಮಕ್ಕಳಿಗೆ ಎ ಬಿ ಸಿ ಡಿ ಕಲಿಸುತ್ತಿದ್ದ ನಾನು ಇಂಗ್ಲಿಷಿನಲ್ಲಿ ಜನ ಜಗಳವಾಡುವುದನ್ನು, ಅಳುವುದನ್ನು ಅಲ್ಲಿಯೇ ಮೊದಲು ಕೇಳಿದ್ದು. ಮೂರನೇ ವಾರ ಒಂದು ತಮಾಷೆಯ ಮಾತಿಗೆ ಮೇಷ್ಟ್ರಿಗಿಂತ ಮೊದಲು ನಕ್ಕೆ. ಬಸ್ಸಿನಲ್ಲಿ ಊರು ಬರುವವರೆಗೂ ಆ ಹೆಮ್ಮೆ ಇಳಿಯಲಿಲ್ಲ.

ಐದನೇ ವಾರ ಮೇಷ್ಟ್ರು ಹೇಳಿದರು: "ಮುಂದಿನ ವಾರದ್ದೇ ಕೊನೆಯದು, ಎಲ್ಲಕ್ಕಿಂತ ಒಳ್ಳೆಯದು. ಸೋಮವಾರ ಪ್ರಿಂಟ್ ವಾಪಸ್ ಹೋಗುತ್ತದೆ. ಮತ್ತೆ ಈ ಕಡೆ ಬರುವುದಿಲ್ಲ."

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಸ್ವಂತ ಅಕ್ಕನಲ್ಲ, ಕರೆಯುತ್ತಿದ್ದುದು ಹಾಗೆ. ಕುರಿ ಸಾಕುವ ಮನೆಯವಳು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ಒಬ್ಬಳೇ ಅಟ್ಟಿಕೊಂಡು ತಿರುಗಲಾರದೆ ಮಾರಿ, ಇದ್ದ ಒಂದೆಕರೆಗೆ ಹಿಪ್ಪುನೇರಳೆ ಹಾಕಿದ್ದಳು. ಹುಳು ಸಾಕುತ್ತೇನೆ ಎಂದಾಗ ಬೀದಿಯ ಹೆಂಗಸರು ಮೂಗು ಮುರಿದರು. ಹುಳು ಎಂದರೆ ಲಕ್ಷ್ಮಿ, ಗಂಡ ಸತ್ತವಳ ಕೈ ಸೋಕಬಾರದು ಎಂಬ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. "ಹುಳೀಗೆ ಸೊಪ್ಪು ಗೊತ್ತು, ಗಾಳಿ ಗೊತ್ತು. ನಿನ್ನ ಹಣೆ ಕಟ್ಕೊಂಡು ಅದಕ್ಕೇನಾಗ್ಬೇಕಕ್ಕ?" ಎಂದು ಹೇಳಿ, ಕೈಹಿಡಿದು ಕೆಲಸ ಕಲಿಸಿದೆ. ಎರಡು ಬೆಳೆ ಚೆನ್ನಾಗಿ ಬಂತು. ಆಡಿಕೊಂಡಿದ್ದವರೇ ಅವಳ ಮನೆಗೆ ಮುಯ್ಯಿಗೆ ಬಂದರು.

ಮುಯ್ಯಿ ಎಂದರೆ ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಹುಳು ಹಣ್ಣಾಗುವ ದಿನ ಇಡೀ ಬೀದಿಯ ಕೈ ಬೇಕು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಮೈ ತಿಳಿಯಾಗುತ್ತದೆ. ಒಂದೊಂದನ್ನೂ ಆರಿಸಿ, ಗೂಡು ಕಟ್ಟಲು ಚಂದ್ರಂಕಿ ಎಂಬ ಬಿದಿರಿನ ಚಾಪೆಗೆ ಬಿಡಬೇಕು. ಅರ್ಧ ದಿನ ತಡವಾದರೂ ಹುಳು ಕಾಯುವುದಿಲ್ಲ. ಕಸದಲ್ಲೇ ನೂಲು ಬಿಡುತ್ತದೆ, ಎರಡೆರಡು ಸೇರಿ ಒಂದೇ ಗೂಡು ಕಟ್ಟುತ್ತವೆ, ಗೂಡಿಗೆಲ್ಲ ಕಲೆ, ಬೆಲೆ ಬರುವುದಿಲ್ಲ.

ಅಕ್ಕನಿಗೆ ಎಲ್ಲ ಬಂದಿತ್ತು, ಹಣ್ಣಾಗುವ ದಿನ ಹೇಳುವುದೊಂದರಲ್ಲಿ ಮಾತ್ರ ತನ್ನ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. ಅದಕ್ಕೆ ನಾನೇ ಬೇಕು. ಆ ಶನಿವಾರ ಸಂಜೆ ಬಂದು ಕರೆದಳು. ಹೋಗಿ ಹುಳು ಸಾಕುವ ತಟ್ಟೆ ನೋಡಿದೆ. ಅಲ್ಲೊಂದು ಇಲ್ಲೊಂದು ಹುಳುವಿನ ಮೈ ತಿಳಿಯಾಗಿತ್ತು. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಅನುಮಾನವೇ ಇರಲಿಲ್ಲ, ಬೆಳಗಾದರೆ ಇಡೀ ಮನೆ ಹಣ್ಣು.

"ನಾಳೆನೇನವ್ವ?" ಅಂದಳು.

"ಸೋಮವಾರ ಕಣಕ್ಕ. ಇನ್ನೂ ಒಂದಿನ ಸೊಪ್ಪು ತಿಂತವೆ" ಅಂದೆ.

"ಅಂಗಾರೆ ಚಂದ್ರಂಕಿ ನಾಳೆ ಸಂಜೀಕೆ ತತ್ತೀನಿ. ನೀನು ಹೇಳಿದ್ಮೇಕೆ ಮುಗೀತು."

ಯಾಕೆ ಹಾಗೆ ಹೇಳಿದೆ ಎಂದು ಸುತ್ತಿಬಳಸಿ ಬರೆಯಲಾರೆ. ನಾಳೆ ಎಂದಿದ್ದರೆ ನಾನೂ ಮುಯ್ಯಿಗೆ ನಿಲ್ಲಬೇಕಿತ್ತು, ಸಿನಿಮಾ ಹೋಗುತ್ತಿತ್ತು. ವರ್ಷಕ್ಕೆ ಐದು ಸಲ ಬರುವ ಹುಳು ಎಲ್ಲಿ, ಮತ್ತೆ ಬರದ ಸಿನಿಮಾ ಎಲ್ಲಿ ಎಂದು ಮನಸ್ಸು ಲೆಕ್ಕ ಹಾಕಿತು. ಹಣ್ಣಾಗುವುದು ಮಧ್ಯಾಹ್ನದ ಮೇಲಾದರೂ ಆದೀತು, ಅಷ್ಟರಲ್ಲಿ ಬಂದುಬಿಡುತ್ತೇನೆ ಎಂದು ನನಗೂ ಒಂದು ಸುಳ್ಳು ಹೇಳಿಕೊಂಡೆ.

ಸಿನಿಮಾ ನಿಜಕ್ಕೂ ಒಳ್ಳೆಯದಿತ್ತು. ಬಾಂಬು ಬಿದ್ದ ಊರೊಂದರಲ್ಲಿ ಚಹಾದಂಗಡಿ ನಡೆಸುವ ವಿಧವೆಯ ಕಥೆ. ಒಡೆದ ಗಾಜು ಗುಡಿಸಿ ಅವಳು ಮತ್ತೆ ಬಾಗಿಲು ತೆರೆಯುವಾಗ ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಇದಕ್ಕಿಂತ ನಾಚಿಕೆಗೇಡಿನ ಕಣ್ಣೀರು ನಾನು ಹಾಕಿಲ್ಲ.

ಬಸ್ಸಿಳಿಯುವಾಗ ಮೂರು ಗಂಟೆ ದಾಟಿತ್ತು. ಅಕ್ಕನ ಮನೆಯ ಮುಂದೆ ಹೆಂಗಸರು ಓಡಾಡುತ್ತಿದ್ದರು. ನನ್ನ ತಮ್ಮ ಪಕ್ಕದ ಊರಿಂದ ಗಾಡಿಯಲ್ಲಿ ಚಂದ್ರಂಕಿ ಹೇರಿಕೊಂಡು ಆಗಷ್ಟೇ ಬಂದಿದ್ದ. ಬೆಳಿಗ್ಗೆಯೇ ಹುಳು ತಲೆ ಎತ್ತಿದ್ದವಂತೆ. ಅಕ್ಕ ಅದನ್ನು ನೋಡಿದ್ದಳಂತೆ. ಟೀಚರಮ್ಮ ಸೋಮವಾರ ಅಂದಿದ್ದಾಳೆ, ಹಸಿವಿಗೆ ತಲೆ ಎತ್ತಿರಬೇಕು ಎಂದುಕೊಂಡು ಅವುಗಳ ಮೇಲೆ ಇನ್ನಷ್ಟು ಸೊಪ್ಪು ಹಾಕಿದ್ದಳು. ಅವ್ವ ಹೋಗಿ ನೋಡಿ ಕೂಗಿಕೊಳ್ಳುವ ಹೊತ್ತಿಗೆ ಅರ್ಧಕ್ಕರ್ಧ ಹುಳು ಆ ಸೊಪ್ಪಿನ ಅಡಿಯಲ್ಲೇ ನೂಲು ಬಿಟ್ಟಿದ್ದವು. ನಾನು ಸೀರೆಯನ್ನೂ ಬದಲಿಸದೆ ಕೂತು, ಉಳಿದದ್ದನ್ನು ಆರಿಸಿದೆ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಓದಿದವಳ ಕಣ್ಣೂ ಒಂದೊಂದು ಸಲ ತಪ್ಪುತ್ತದೆ ಎಂದರು, ಅಷ್ಟೆ. ಕಣ್ಣು ತಪ್ಪಿರಲಿಲ್ಲ.

ಮುಂದಿನ ತಿಂಗಳು ನಮ್ಮ ಮನೆಯ ಹುಳು ಹಣ್ಣಾದವು. ಎಂದಿನಂತೆ ಎಲ್ಲರಿಗಿಂತ ಮೊದಲು ಬಂದವಳು ಅಕ್ಕನೇ. ಆದರೆ ಹುಳುಮನೆಯ ಹೊಸಿಲ ಆಚೆಯೇ ನಿಂತಳು.

"ಒಳಕ್ ಬಾ ಅಕ್ಕ" ಅಂದೆ.

"ಬ್ಯಾಡ ಕಣವ್ವ. ನಾನು ಈಚೆಯಿಂದ ಚಂದ್ರಂಕಿ ಎತ್ಕೊಡ್ತೀನಿ. ನೀನು ನೋಡ್ದಾಗ ಸೋಮವಾರಕ್ಕೇ ಇದ್ವು. ರಾತ್ರಿ ನಾನು ಸೊಪ್ಪಾಕಿದ್ನಲ್ಲ, ನನ್ ಕೈ ಸೋಕಿ ಭಾನುವಾರಕ್ಕೇ ಹಣ್ಣಾಗ್ಬುಟ್ವು. ಅವ್ರಂದಿದ್ದು ದಿಟ. ಮುಂಡೆ ಕೈ. ನಿಮ್ಮನೆ ಹುಳೀಗ್ಯಾಕವ್ವ ಅದು?"

ಅತ್ತುಕೊಂಡು ಹೇಳಲಿಲ್ಲ. ವಿಷಯ ಗೊತ್ತಾಯಿತು, ಇನ್ನು ನಿರಾಳ ಎನ್ನುವ ಹಾಗೆ ಹೇಳಿದಳು. ಒಳಗೆ ಕೂತಿದ್ದ ಏಳೆಂಟು ಹೆಂಗಸರಲ್ಲಿ ಒಬ್ಬರೂ ಅಲ್ಲ ಅನ್ನಲಿಲ್ಲ. ನನ್ನ ಅಂಗೈಯಲ್ಲಿ ಹಣ್ಣಾದ ಹುಳುವೊಂದು ತಲೆ ಆಡಿಸುತ್ತಿತ್ತು. ಆಗ ಬಾಯಿಬಿಡಬೇಕಿತ್ತು. ಅಷ್ಟು ಜನರ ಮುಂದೆ ಟೀಚರಮ್ಮ ಸುಳ್ಳಿ ಅನ್ನಿಸಿಕೊಳ್ಳುವುದಕ್ಕೆ ಹೆದರಿದೆ. "ಅಂಗೆಲ್ಲ ಏನಿಲ್ಲ, ಬಾ ಅಕ್ಕ" ಅಂದೆ. ಆ ಮಾತನ್ನು ಯಾರು ಬೇಕಾದರೂ ಹೇಳಬಹುದಿತ್ತು. ಅಕ್ಕ ನಕ್ಕು ಅಂಗಳಕ್ಕೆ ಹೋದಳು.

ಆ ವರ್ಷವೇ ಅವಳು ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದಳು. ಆದರೂ ನಮ್ಮ ಮನೆಗೆ ಮುಯ್ಯಿಗೆ ಬರುವುದನ್ನು ಬಿಡಲಿಲ್ಲ. ತೀರಿಕೊಳ್ಳುವವರೆಗೂ, ಹನ್ನೊಂದು ವರ್ಷ, ಬಂದು ಬಾಗಿಲಾಚೆ ನಿಂತಳು. ಅಷ್ಟು ವರ್ಷದಲ್ಲಿ ಅವಳು ಒಂದು ಹುಳುವನ್ನೂ ಮುಟ್ಟಲಿಲ್ಲ, ನಾನು ಒಂದು ದಿನವೂ ಹೇಳಲಿಲ್ಲ.